ರಾಂಗ್ ಸೈಡಿನಲ್ಲಿ ಬರುವ ಸೈಕಲ್

ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರು ಓಡಿಸುವವರ ದೂರುಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ. ಮಳೆಗಾಲದಲ್ಲಿ ಹೊಂಡ ಮತ್ತು ಗುಡ್ಡ ಕುಸಿತ, ಡಿಸೆಂಬರಿನಲ್ಲಿ ಗೋಕರ್ಣ ಮುರ್ಡೇಶ್ವರಗಳ ಪ್ರವಾಸಿ ವಾಹನಗಳ ದಟ್ಟಣೆ, ಬೇಸಿಗೆಯಲ್ಲಿ ಅಡ್ಡಬರುವ ದನಗಳು. ವರ್ಷವಿಡೀ ಉಳಿಯುವ ದೂರು ಒಂದೇ: ‘ಈ ಸೈಕಲ್‌ನವರು ರಾಂಗ್ ಸೈಡಿನಲ್ಲೇ ಬರುತ್ತಾರೆ, ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ.’ ದೂರು ಸುಳ್ಳಲ್ಲ. ಬೆಳಗಿನ ಏಳರಿಂದ ಒಂಬತ್ತರೊಳಗೆ ಅಂಕೋಲಾ ಮತ್ತು ಕುಮಟಾ ನಡುವಿನ ಯಾವುದೇ ಊರಿನ ಬಳಿ ನಿಂತರೂ ಹೆದ್ದಾರಿಯ ಅಂಚಿನಲ್ಲಿ ವಾಹನಗಳಿಗೆ ಎದುರಾಗಿ ಸೈಕಲ್ಲುಗಳು ಬರುವುದನ್ನು ಕಾಣಬಹುದು. ಕುಮಟಾ ತಾಲೂಕಿನಲ್ಲಿದ್ದುಕೊಂಡು ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಪೇಟೆಗೆ ಸೈಕಲ್ಲಿನಲ್ಲೇ ಓಡಾಡುವ ನನಗೆ ಆ ಸಾಲಿನ ಹಲವರು ಮುಖಪರಿಚಯದವರು. ಅವರನ್ನು ಸಮರ್ಥಿಸುವುದು ಈ ಬರಹದ ಉದ್ದೇಶವಲ್ಲ. ಅವರು ಆ ಬದಿಗೆ ಏಕೆ ಬರುತ್ತಾರೆ ಎಂಬುದನ್ನು ಬಿಡಿಸಿ ಹೇಳದಿದ್ದರೆ, ಕರಾವಳಿಯಲ್ಲಿ ಸೈಕಲ್ ಸುರಕ್ಷತೆಯ ಬಗ್ಗೆ ಆಡುವ ಮಾತೆಲ್ಲ ಹೆಲ್ಮೆಟ್ಟಿನ ಉಪದೇಶದಲ್ಲಿ ಮುಗಿದುಹೋಗುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ರಸ್ತೆ ಎರಡು ಪಥದ್ದಾಗಿದ್ದಾಗ ಮನೆಯಿಂದ ಹೊರಟವನು ಎಡಬಲ ನೋಡಿ ದಾಟಿ, ಆಚೆ ಬದಿಯ ಅಂಗಡಿಗೋ ಶಾಲೆಗೋ ಹೋಗುತ್ತಿದ್ದ. ನಾಲ್ಕು ಪಥವಾದ ಮೇಲೆ ನಡುವೆ ಡಿವೈಡರ್ ಬಂತು, ದಾಟುವುದಕ್ಕೆ ಅಲ್ಲಲ್ಲಿ ತೆರಪು ಬಿಟ್ಟರು. ಹೋಗಬೇಕಾದ ಜಾಗ ರಸ್ತೆಯ ಆಚೆ ಬದಿಯಲ್ಲಿ, ಮುನ್ನೂರು ಮೀಟರ್ ಹಿಂದಕ್ಕಿದೆ ಎಂದಿಟ್ಟುಕೊಳ್ಳಿ. ತೆರಪು ಒಂದೂವರೆ ಕಿಲೋಮೀಟರ್ ಮುಂದಿದ್ದರೆ ನಿಯಮ ಪಾಲಿಸುವವನು ಎಡಬದಿಯಲ್ಲೇ ಅಷ್ಟು ದೂರ ಹೋಗಿ, ತಿರುಗಿ, ಅಷ್ಟೇ ದೂರ ವಾಪಸ್ಸು ಬರಬೇಕು. ಮೂರು ಕಿಲೋಮೀಟರಿನ ಈ ಸುತ್ತು ಗಂಟೆಗೆ 80 ಕಿಲೋಮೀಟರ್ ವೇಗದ ಕಾರಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ತುಳಿಯುವವನಿಗೆ ಕಾಲು ಗಂಟೆ, ಹೋಗಿ ಬರುವಾಗ ಎರಡೂ ಸಲ ಸುತ್ತಬೇಕಾದರೆ ದಿನಕ್ಕೆ ಅರ್ಧ ಗಂಟೆ. ಅದೂ ಬಿಸಿಲಿನಲ್ಲಿ, ಲಾರಿಗಳ ಗಾಳಿಗೆ ಮೈ ಒಡ್ಡಿಕೊಂಡು. ಡಿವೈಡರ್ ಹಾಕಿದವರು ತಿರುವಿನ ದೂರವನ್ನು ಕಾರಿನ ನಿಮಿಷಗಳಲ್ಲಿ ಅಳೆದರೇ ಹೊರತು ಪೆಡಲಿನ ನಿಮಿಷಗಳಲ್ಲಿ ಅಳೆಯಲಿಲ್ಲ.

ಹಿರೇಗುತ್ತಿಯ ಕಡೆಯಿಂದ ನಿತ್ಯ ಎದುರಾಗಿ ಬರುವ ಒಬ್ಬ ಬಡಗಿಯನ್ನು ಒಮ್ಮೆ ನಿಲ್ಲಿಸಿ ಕೇಳಿದ್ದುಂಟು. ಅವರದು ಹಳೆಯ ದಪ್ಪ ಟೈರಿನ ಸೈಕಲ್. ಹ್ಯಾಂಡಲಿಗೆ ಗೋಣಿಚೀಲದಲ್ಲಿ ಉಳಿ, ಕೊಡತಿ, ಅಳತೆ ಟೇಪು. ಕ್ಯಾರಿಯರಿಗೆ ಅಡ್ಡಲಾಗಿ ಟ್ಯೂಬಿನ ರಬ್ಬರಿನಿಂದ ಬಿಗಿದ ಗರಗಸ. ಅದರ ಹಲ್ಲು ಯಾರಿಗೂ ತಾಗದಂತೆ ಹಳೆಯ ಚೂಡಿದಾರದ ಬಟ್ಟೆ ಸುತ್ತಿದ್ದರು. ಆದರೂ ಗರಗಸದ ತುದಿ ಹಿಂಬದಿ ಚಕ್ರದಿಂದ ಒಂದು ಗೇಣು ಹೊರಗೆ ಚಾಚಿತ್ತು, ಅದೂ ರಸ್ತೆಯ ಕಡೆಗೆ. ‘ಆಚಾರ್ರೆ, ಎಡಬದಿಯಿಂದ ಹೋಗೂಕೆ ಆಗೂದಿಲ್ವ?’ ಎಂದದ್ದಕ್ಕೆ ಅವರು ಬೈಯಲಿಲ್ಲ, ನಕ್ಕರು. ‘ತಮಾ, ಅಲ್ಲೀವರೆಗೆ ಹೋಗಿ ಸುತ್ತಿ ಬರೂದ್ರೊಳಗೆ ನಾ ಒಂದು ಕಿಟಕಿ ಚೌಕಟ್ಟಿಗೆ ಗೆರೆ ಹಾಕಿ ಮುಗಿಸ್ತೆ. ಮತ್ತೆ ಎದುರಿಂದ ಬಂದ್ರೆ ಬರೂ ಗಾಡಿ ಕಣ್ಣಿಗಾದ್ರೂ ಕಾಣ್ತದೆ.’

ಈ ಎರಡನೆಯ ಕಾರಣವನ್ನು ತಳ್ಳಿಹಾಕುವಂತಿಲ್ಲ. ಪಾದಚಾರಿಗಳು ವಾಹನಗಳಿಗೆ ಎದುರು ಮುಖವಾಗಿ ನಡೆಯಬೇಕೆಂದು ನಾವೇ ಶಾಲೆಯಲ್ಲಿ ಕಲಿಸುತ್ತೇವೆ, ಆ ಪಾಠವನ್ನೇ ಜನ ಸೈಕಲ್ಲಿಗೂ ಹಚ್ಚಿದ್ದಾರೆ. ಹಿಂದಿನಿಂದ ಬರುವ ಲಾರಿ ಕಾಣದಿರುವ ಭಯ ನಿಜವಾದ ಭಯ. ಆದರೆ ಸೈಕಲ್ಲಿನ ವಿಷಯದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅದೇ ದಿಕ್ಕಿನಲ್ಲಿ 15ರ ವೇಗದಲ್ಲಿ ಹೋಗುವ ಸೈಕಲ್ಲನ್ನು ಅದು ಸಮೀಪಿಸುವ ವೇಗ 65, ಎದುರು ಬರುವ ಸೈಕಲ್ಲಿಗಾದರೆ 95. ತಪ್ಪಿಸಿಕೊಳ್ಳಲು ಇಬ್ಬರಿಗೂ ಸಿಗುವ ಕಾಲ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ನಡೆಯುವವನು ಥಟ್ಟನೆ ಬದಿಗೆ ಜಿಗಿಯಬಲ್ಲ, ಸೈಕಲ್ಲಿನ ಮೇಲಿರುವವನಿಗೆ ಅದು ಸಾಧ್ಯವಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಅಡ್ಡರಸ್ತೆಗಳಲ್ಲಿದೆ. ಊರಿನ ಓಣಿಯಿಂದ ಹೆದ್ದಾರಿಗೆ ಬರುವ ಬೈಕು ಅಥವಾ ರಿಕ್ಷಾದವನು ವಾಹನ ಬರುವ ಬಲಗಡೆಗೆ ಮಾತ್ರ ನೋಡುತ್ತಾನೆ. ಅವನ ಎಡದಿಂದ ಯಾರೂ ಬರಬಾರದು, ಹಾಗಾಗಿ ಆ ಕಡೆ ಕಣ್ಣು ಹಾಯಿಸುವ ಅಭ್ಯಾಸವೇ ಇಲ್ಲ. ಎದುರು ದಿಕ್ಕಿನ ಸೈಕಲ್ ಬರುವುದು ಸರಿಯಾಗಿ ಆ ಎಡದಿಂದಲೇ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಬರುವವರನ್ನು ಇಲ್ಲಿ ನೋಡದವರಿಲ್ಲ. ಗಾಳಿ ಎದುರಾದಾಗ ಛತ್ರಿ ಮುಖಕ್ಕೇ ಅಡ್ಡ ಬರುತ್ತದೆ, ಒಂದೇ ಬ್ರೇಕಿಗೆ ಕೈ ಸಿಗುತ್ತದೆ, ಅದೂ ಒದ್ದೆಯಾದ ರಿಮ್ಮಿನ ಮೇಲೆ ಜಾರುತ್ತದೆ. ಆದ್ದರಿಂದ ರಾಂಗ್ ಸೈಡ್ ಅಪಾಯಕಾರಿಯೇ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅಪಾಯವನ್ನು ತಿಳಿದೂ ಜನ ಆ ಬದಿಯನ್ನೇ ಆರಿಸುತ್ತಾರೆಂದರೆ, ಸರಿಯಾದ ಬದಿ ಅವರಿಗೆ ಎಷ್ಟು ದುಬಾರಿಯಾಗಿರಬೇಕು ಎಂಬುದು ನನ್ನ ಪ್ರಶ್ನೆ.

ಇದಕ್ಕೆ ಸುಲಭವಾಗಿ ಹೊಳೆಯುವ ಉತ್ತರ ಸರ್ವಿಸ್ ರಸ್ತೆ. ಹೆದ್ದಾರಿಯ ಎರಡೂ ಬದಿಗೆ ಊರಿನವರಿಗಾಗಿ ಬೇರೆ ರಸ್ತೆ ಇದ್ದರೆ ಸೈಕಲ್ಲು, ಎತ್ತಿನಗಾಡಿ, ನಡೆಯುವವರು ಎಲ್ಲರೂ ಅಲ್ಲಿ ನಿಶ್ಚಿಂತೆಯಿಂದ ಹೋಗಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ಲುಗಳನ್ನು ನಿಷೇಧಿಸಿದಾಗ ಪಕ್ಕದ ಸರ್ವಿಸ್ ರಸ್ತೆಯನ್ನು ತೋರಿಸಿಯೇ ಹಾಗೆ ಮಾಡಲಾಯಿತು. ಬಯಲುಸೀಮೆಯ ಆ ಲೆಕ್ಕಾಚಾರ ನಮ್ಮ ಕರಾವಳಿಗೆ ಹೊಂದುವುದಿಲ್ಲ. ಇಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಾದ ಗಜನಿ ಅಥವಾ ಸಮುದ್ರ. ನಡುವಿನ ಸಣ್ಣ ಪಟ್ಟಿಯಲ್ಲಿ ಹೆದ್ದಾರಿ, ಸ್ವಲ್ಪ ಒಳಗೆ ಕೊಂಕಣ ರೈಲ್ವೆ, ಉಳಿದ ಜಾಗದಲ್ಲಿ ಮನೆ, ತೋಟ, ದೇವಸ್ಥಾನ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಕುಸಿದು ರಸ್ತೆಬದಿಯ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳೆಲ್ಲ ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದ ಮೇಲೆ, ಸೈಕಲ್ಲಿಗೆ ಜಾಗ ಮಾಡಲು ಗುಡ್ಡವನ್ನು ಇನ್ನೂ ಎರಡು ಮೀಟರ್ ಕಡಿಯಿರಿ ಎಂದು ಕೇಳುವ ಧೈರ್ಯ ಯಾರಿಗಿದೆ? ನನಗಂತೂ ಇಲ್ಲ.

ಜಮೀನಿನ ಮಾತಂತೂ ಇನ್ನೂ ಸೂಕ್ಷ್ಮ. ಸೀಬರ್ಡ್ ನೌಕಾನೆಲೆಗೆ, ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ, ಕೊಂಕಣ ರೈಲ್ವೆಗೆ, ಆಮೇಲೆ ಹೆದ್ದಾರಿಗೆ ಎಂದು ಈ ಉತ್ತರ ಕನ್ನಡ ಜಿಲ್ಲೆಯ ಜನ ಸರದಿಯಲ್ಲಿ ಭೂಮಿ ಬಿಟ್ಟುಕೊಟ್ಟಿದ್ದಾರೆ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದ ಕುಟುಂಬಗಳು ನಮ್ಮ ಊರುಗಳಲ್ಲೇ ಇವೆ. ಹೆದ್ದಾರಿ ಅಗಲೀಕರಣದ ಕಾಲದಲ್ಲಿ ಪೇಟೆಗಳ ಬಳಿ ಅಗಲವನ್ನು ಕಡಿಮೆ ಮಾಡಬೇಕೆಂದು ಹೋರಾಡಿದವರು ಇದೇ ಜನ, ಆ ಹೋರಾಟ ನ್ಯಾಯವಾದದ್ದೇ ಆಗಿತ್ತು. ಅಗಲ ಕಡಿಮೆಯಾದಾಗ ಅಧಿಕಾರಿಗಳ ಕತ್ತರಿಗೆ ಮೊದಲು ಸಿಕ್ಕುವುದು ಸರ್ವಿಸ್ ರಸ್ತೆ ಎಂಬುದು ಆಗ ನಮ್ಮಲ್ಲಿ ಅನೇಕರಿಗೆ ಹೊಳೆಯಲಿಲ್ಲ. ಈಗ ಸೈಕಲ್ಲಿನ ಹೆಸರಿನಲ್ಲಿ ಮತ್ತೆ ಭೂಸ್ವಾಧೀನ ಮಾಡಿ ಎಂದರೆ ಮೊದಲು ವಿರೋಧಿಸುವವನು ಸೈಕಲ್ ತುಳಿಯುವವನೇ ಆಗಿರುತ್ತಾನೆ.

ಹಾಗಾದರೆ ಮಾಡುವುದೇನು? ಪ್ರವಾಸೋದ್ಯಮದ ಸಭೆಗಳಲ್ಲಿ ಆಗಾಗ ಕೇಳಿಬರುವ ಒಂದು ಕನಸಿದೆ: ಕರಾವಳಿಯುದ್ದಕ್ಕೂ ಹಸಿರು ಬಣ್ಣ ಬಳಿದ ಸೈಕಲ್ ಪಥ, ಅದರ ಪಕ್ಕದಲ್ಲಿ ಸೆಲ್ಫಿ ಕಟ್ಟೆ. ನನಗೆ ಈ ಕನಸಿನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಬಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಉಳಿದದ್ದು ಕಾರು ನಿಲ್ಲಿಸುವ ಜಾಗವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿರೇಗುತ್ತಿಯ ಬಡಗಿಗೆ ಉದ್ದಕ್ಕೆ ಹೋಗುವ ಪಥ ಬೇಕಿಲ್ಲ. ಅವರಿಗೆ ಬೇಕಾದದ್ದು ಅಡ್ಡ ದಾಟುವ ದಾರಿ, ಮತ್ತು ತಮ್ಮ ಓಣಿಯಿಂದ ಮುಂದಿನ ಊರಿನ ಓಣಿಯವರೆಗೆ ಹೆದ್ದಾರಿಗೆ ಕಾಲಿಡದೆ ಹೋಗಬಲ್ಲ ನಾನೂರು ಐನೂರು ಮೀಟರಿನ ತುಂಡು ರಸ್ತೆ.

ಅಂಥ ತುಂಡುಗಳು ಬಹಳ ಕಡೆ ಅರ್ಧಕ್ಕೆ ಆಗಲೇ ಇವೆ. ಹೆದ್ದಾರಿಯ ಪಶ್ಚಿಮಕ್ಕೆ ಊರಿಂದ ಊರಿಗೆ ಪಂಚಾಯತಿ ರಸ್ತೆಗಳಿವೆ. ಒಂದು ಹಳ್ಳ ಅಡ್ಡ ಬಂದಲ್ಲಿ, ಅಥವಾ ಗಜನಿಯ ಏರಿ ಮುಗಿದಲ್ಲಿ, ಆ ರಸ್ತೆ ನಿಂತುಬಿಡುತ್ತದೆ. ಆಚೆ ದಡದಿಂದ ಮತ್ತೊಂದು ರಸ್ತೆ ಶುರುವಾಗುತ್ತದೆ. ಎರಡರ ನಡುವೆ ಸೈಕಲ್ಲು ಮತ್ತು ಬೈಕು ಹೋಗುವಷ್ಟು ಅಗಲದ ಕಾಲುಸೇತುವೆ ಹಾಕಿದರೆ ಕಿಲೋಮೀಟರುಗಟ್ಟಲೆ ಹೆದ್ದಾರಿಯ ಓಡಾಟ ತಪ್ಪುತ್ತದೆ. ಮಳೆಗಾಲಕ್ಕೆ ಮುನ್ನ ಅಡಿಕೆ ಮರ ಹಾಸಿ ಸಂಕ ಕಟ್ಟುವ ಊರುಗಳಿಗೆ ಇದನ್ನು ಹೊಸದಾಗಿ ವಿವರಿಸಿ ಹೇಳಬೇಕಾದ್ದಿಲ್ಲ. ಯೋಜನಾ ವರದಿ ಬರೆಯುವವರಿಗೆ ಮಾತ್ರ ಇಷ್ಟು ಸಣ್ಣ ಕೆಲಸ ಕಣ್ಣಿಗೇ ಬೀಳುವುದಿಲ್ಲ.

ಅಡ್ಡ ದಾಟುವುದಕ್ಕೆ ಕೆಳಸೇತುವೆಯೇ ಸರಿ. ಮೇಲ್ಸೇತುವೆ ಕಟ್ಟಿದರೆ ಸೈಕಲ್ ಹೊತ್ತು ಮೆಟ್ಟಿಲು ಹತ್ತುವವರು ಯಾರೂ ಇಲ್ಲ. ಹೆದ್ದಾರಿಯನ್ನು ಗದ್ದೆಗಿಂತ ಎತ್ತರಕ್ಕೆ ಮಣ್ಣು ತುಂಬಿ ಕಟ್ಟಿರುವಲ್ಲಿ ನೀರು ಹೋಗಲು ಸಿಮೆಂಟಿನ ಚೌಕ ಮೋರಿಗಳಿವೆ. ಅಂಥ ಕಡೆ ಮೋರಿಯ ಪಕ್ಕದಲ್ಲೇ ಸ್ವಲ್ಪ ಎತ್ತರದ ನೆಲದಲ್ಲಿ, ಸೈಕಲ್ ಮೇಲೆ ಕೂತವನ ತಲೆ ತಾಗದಂತೆ ಎರಡೂವರೆ ಮೀಟರ್ ಎತ್ತರದ ಇನ್ನೊಂದು ಚೌಕವನ್ನು ಕೊಟ್ಟರೆ ಸಾಕು. ಲಾರಿಗೆ ಬೇಕಾದ ಐದೂವರೆ ಮೀಟರಿನ ಎತ್ತರ ಇಲ್ಲಿ ಅನಗತ್ಯ, ಆದ್ದರಿಂದ ಖರ್ಚೂ ಅಷ್ಟಿಲ್ಲ. ಕೊಂಕಣ ರೈಲ್ವೆ ಹಳಿ ಹಾಕುವಾಗ ಹಲವು ಊರಿನ ದಾರಿಗಳಿಗೆ ಇಂಥ ಕೆಳಸೇತುವೆಗಳನ್ನು ಕೊಟ್ಟಿದೆ, ಜನ ಇಂದಿಗೂ ಅವನ್ನು ಬಳಸುತ್ತಾರೆ. ರೈಲಿಗೆ ಅಡ್ಡ ಬರಬಾರದೆಂದು ಮಾಡಿದ ಏರ್ಪಾಡನ್ನು, ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಅನುಮತಿಯಿರುವ ನಾಲ್ಕು ಪಥದ ರಸ್ತೆಗೆ ಏಕೆ ಮಾಡಬಾರದು? ಒಂದು ತೊಡಕು ಮಾತ್ರ ನಿಜ. ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನೆಲದಲ್ಲಿ ತಗ್ಗು ಕೆಳಸೇತುವೆ ಜೂನಿನಲ್ಲಿ ಕೆರೆಯಾಗುತ್ತದೆ. ನೆಲಮಟ್ಟವನ್ನು ಹಳ್ಳದ ಹೊರಹರಿವಿಗಿಂತ ಮೇಲಿಡದೆ ಕಟ್ಟಿದರೆ ವರ್ಷದ ನಾಲ್ಕು ತಿಂಗಳು ಜನ ಮತ್ತೆ ರಾಂಗ್ ಸೈಡಿಗೇ ಬರುತ್ತಾರೆ.

ಕಾನೂನಿನಲ್ಲಿ ಇದಕ್ಕೆ ಆಧಾರವಿದೆಯೇ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಎರಡು ಅಂಶಗಳು ನಮಗೆ ಸಂಬಂಧಿಸಿವೆ. 198ಎ ಕಲಂ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕೋಟಿಗಟ್ಟಲೆಯ ಕಾಮಗಾರಿಯ ಮುಂದೆ ಒಂದು ಲಕ್ಷ ಏನೂ ಅಲ್ಲ, ಆದರೆ ತಪ್ಪು ಯಾವಾಗಲೂ ಸವಾರನದ್ದೇ ಎಂಬ ಹಳೆಯ ನಂಬಿಕೆಯನ್ನು ಕಾಯ್ದೆಯೇ ಮುರಿದಿದೆ ಎಂಬುದು ದೊಡ್ಡ ವಿಷಯ. ಇನ್ನೊಂದು 138(1ಎ) ಕಲಂ. ಯಂತ್ರವಿಲ್ಲದ ವಾಹನಗಳು ಮತ್ತು ಪಾದಚಾರಿಗಳು ಸಾರ್ವಜನಿಕ ಸ್ಥಳಗಳನ್ನೂ ರಾಷ್ಟ್ರೀಯ ಹೆದ್ದಾರಿಗಳನ್ನೂ ಬಳಸುವುದರ ಬಗ್ಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದು ಅದು ಹೇಳುತ್ತದೆ. ಈ ಕಲಮಿನ ಬಗ್ಗೆ ನನ್ನಲ್ಲಿ ಆಸೆಯಷ್ಟೇ ಅಂಜಿಕೆಯೂ ಇದೆ. ನಿಯಮ ಎಂದರೆ ಅನುಕೂಲವೂ ಆಗಬಹುದು, ನಿಷೇಧವೂ ಆಗಬಹುದು. ಪರ್ಯಾಯ ದಾರಿ ಕೊಡದೆ ಸೈಕಲ್ಲನ್ನು ಹೆದ್ದಾರಿಯಿಂದ ಹೊರಗಿಟ್ಟರೆ ಮಿರ್ಜಾನಿನಲ್ಲಿ, ದಿವಗಿಯಲ್ಲಿ, ಮಾದನಗೇರಿಯಲ್ಲಿ ಅಘನಾಶಿನಿ ಹೊಳೆಯನ್ನೋ ಹೆದ್ದಾರಿಯನ್ನೋ ದಾಟಬೇಕಾದ ಮನುಷ್ಯ ಹಾರಿಕೊಂಡು ಹೋಗಬೇಕಾಗುತ್ತದೆ.

ಕಚೇರಿಗಳಲ್ಲಿ ಮನವಿ ಕೊಟ್ಟಾಗ ಸಿಗುವ ಉತ್ತರವೂ ಒಂದು ಮಾದರಿಯದ್ದು: ‘ಆ ಜಾಗ ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲಿಲ್ಲ.’ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಗ ಆ ಜಾಗಕ್ಕೆ ಪಟ್ಟಿಯಲ್ಲಿ ಸೇರುವ ಅರ್ಹತೆ. ಈ ಅಳತೆ ಲಾರಿ ಉರುಳುವ ತಿರುವುಗಳನ್ನು ಹಿಡಿಯುತ್ತದೆ, ಅದಕ್ಕೆ ಅದು ಬೇಕೂ ಬೇಕು. ಭಯಕ್ಕೆ ಜನ ದಾಟುವುದನ್ನೇ ಬಿಟ್ಟ ಜಾಗವನ್ನು ಅದು ಎಂದಿಗೂ ಹಿಡಿಯುವುದಿಲ್ಲ. ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಮಗುವನ್ನು ತಂದೆ ಬೈಕಿನಲ್ಲಿ ಬಿಡಲಾರಂಭಿಸಿದ ದಿನ ಆ ಜಾಗದ ಅಪಾಯ ಕಡಿಮೆಯಾಗಲಿಲ್ಲ, ಲೆಕ್ಕಕ್ಕೆ ಸಿಗುವ ಸೈಕಲ್ ಕಡಿಮೆಯಾಯಿತು. ಪಟ್ಟಿಯ ಪ್ರಕಾರ ರಸ್ತೆ ಸುರಕ್ಷಿತ.

ಮಕ್ಕಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಗಿ, ಕೋವಿಡ್ ಕಾಲದಲ್ಲಿ ನಿಂತಿತು. ಅದು ನಡೆಯುತ್ತಿದ್ದ ವರ್ಷಗಳಲ್ಲಿ ನಮ್ಮ ಪ್ರೌಢಶಾಲೆಗಳ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು ನಿಲ್ಲುತ್ತಿತ್ತು, ತಮ್ಮದನ್ನು ಗುರುತಿಸಲು ಹುಡುಗಿಯರು ಹ್ಯಾಂಡಲಿಗೆ ರಿಬ್ಬನ್ ಕಟ್ಟುತ್ತಿದ್ದರು. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಬಂದ ಮೇಲೆ ಹುಡುಗಿಯರಲ್ಲಿ ಹಲವರು ಬಸ್ಸಿಗೆ ಹೋದರು. ಅದು ಒಳ್ಳೆಯದೇ, ಆದರೆ ಬಸ್ ನಿಲ್ಲುವುದೂ ಹೆದ್ದಾರಿಯಲ್ಲೇ. ಸಂಜೆ ಮನೆಯ ಎದುರು ಬದಿಯಲ್ಲಿ ಇಳಿದ ಹುಡುಗಿ ಡಿವೈಡರ್ ಹತ್ತಿಯೇ ದಾಟಬೇಕು. ಸೈಕಲ್ಲಿಗೆ ಕೇಳುವ ಕೆಳಸೇತುವೆ ಅವಳಿಗೂ ಬೇಕಾದದ್ದೇ. ಸೈಕಲ್ ಹೋರಾಟವೆಂದರೆ ಬಣ್ಣದ ಜೆರ್ಸಿ ತೊಟ್ಟ ಭಾನುವಾರದ ಸವಾರರ ಹಟ ಎಂದು ನಗುವವರು ಈ ಬಸ್ ಸ್ಟಾಪಿನಲ್ಲಿ ಒಂದು ಸಂಜೆ ನಿಲ್ಲಲಿ.

ಭಾನುವಾರದ ಸವಾರರ ಮೇಲೆ ನನಗೆ ದ್ವೇಷವೇನಿಲ್ಲ, ನಾನೂ ಅವರಲ್ಲೊಬ್ಬ. ಗೋವಾದ ಕಡೆಯಿಂದ ದಕ್ಷಿಣಕ್ಕೆ ಸೈಕಲ್ ಪ್ರವಾಸ ಹೊರಟವರು ಚಳಿಗಾಲದಲ್ಲಿ ಇಲ್ಲಿ ಹಾದುಹೋಗುತ್ತಾರೆ, ಸಿಕ್ಕಿದಾಗ ದಾರಿ ಕೇಳುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವುದು ಜಾಣತನ, ಏಕೆಂದರೆ ಜನವರಿಯಿಂದ ಮೇ ತನಕ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸಿ ಬೆನ್ನನ್ನು ತಳ್ಳುತ್ತದೆ. ಅವರಿಗೆ ನಾನು ಹೇಳುವುದು, ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಸಾಣಿಕಟ್ಟಾದ ಉಪ್ಪಿನ ಆಗರಗಳ ನಡುವೆ ಗೋಕರ್ಣಕ್ಕೆ ಹೋಗಿ, ಅಲ್ಲಿಂದ ತದಡಿಗೆ ಇಳಿದು ಬಾರ್ಜಿನಲ್ಲಿ ಅಘನಾಶಿನಿಯನ್ನು ದಾಟಿ, ಆಚೆ ದಡದಿಂದ ಬಾಡ, ಕಾಗಾಲ ಊರುಗಳ ಮೂಲಕ ಕುಮಟಾ ಸೇರಿ ಎಂದು. ಬಾರ್ಜಿನಲ್ಲಿ ಮೀನಿನ ಬುಟ್ಟಿ, ಬೈಕು, ಶಾಲೆಯ ಮಕ್ಕಳ ನಡುವೆ ಸೈಕಲ್ಲಿಗೆ ಯಾವಾಗಲೂ ಜಾಗ ಸಿಗುತ್ತದೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಸಂಚಾರ ನಿಲ್ಲುವುದುಂಟು, ಸಂಜೆ ಕೊನೆಯ ಬಾರ್ಜ್ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ಕೇಳಿಕೊಳ್ಳುವುದು ಒಳ್ಳೆಯದು.

ಘಟ್ಟದ ಮೇಲಿನಿಂದ ಬರುವವರಿಗೆ ಹೇಳುವುದು ಬೇರೆ. ಶಿರಸಿ ಸಮುದ್ರಮಟ್ಟದಿಂದ ಆರುನೂರು ಮೀಟರಿನಷ್ಟು ಎತ್ತರದಲ್ಲಿದೆ. ರಾಗಿಹೊಸಳ್ಳಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಯೇ ಇದ್ದರೆ ರಿಮ್ಮು ಕೈ ಸುಡುವಷ್ಟು ಕಾಯುತ್ತದೆ, ಒಳಗಿನ ಟ್ಯೂಬಿಗೂ ಅದು ಕೇಡು. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಬೇಕು, ನೇರದಲ್ಲಿ ಬಿಡಬೇಕು, ಹಿಂದೆ ಮುಂದೆ ಎರಡನ್ನೂ ಬಳಸಬೇಕು. ಮಳೆಯಲ್ಲಿ ಒದ್ದೆ ರಿಮ್ಮಿನ ನೀರನ್ನು ಬ್ರೇಕಿನ ರಬ್ಬರು ಒರೆಸಿ ತೆಗೆಯುವ ತನಕ ಹಿಡಿತವೇ ಸಿಗುವುದಿಲ್ಲ, ಆದ್ದರಿಂದ ತಿರುವು ಕಣ್ಣಿಗೆ ಬೀಳುವ ಮೊದಲೇ ಹಗುರವಾಗಿ ಒತ್ತಿಟ್ಟಿರಬೇಕು. ಆದರೆ ಪ್ರವಾಸಿಗೆ ಇಷ್ಟು ಹೇಳಿ ಕಳಿಸಬಹುದು, ಅವನು ಸುತ್ತು ದಾರಿ ಹಿಡಿದು ಹೋಗುತ್ತಾನೆ. ಸುತ್ತು ದಾರಿಯೇ ಅವನಿಗೆ ಸುಖ. ನಿತ್ಯ ಓಡಾಡುವವನಿಗೆ ಆ ಆಯ್ಕೆಯಿಲ್ಲ, ಹೋರಾಟದಲ್ಲಿ ಯಾರ ಬೇಡಿಕೆ ಮುಂದಿರಬೇಕೆಂಬುದನ್ನು ಈ ವ್ಯತ್ಯಾಸವೇ ತೀರ್ಮಾನಿಸುತ್ತದೆ.

ಕಾರವಾರದ ಸ್ಥಿತಿಯನ್ನೂ ನೋಡಿ. 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಉಳಿಸಿದರು. ಆಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯನ್ನೇ ಹಂಚಿಕೊಳ್ಳಬೇಕಾಯಿತು. ಸದಾಶಿವಗಡದಿಂದ ಪೇಟೆಗೆ ಸೈಕಲ್ಲಿನಲ್ಲಿ ಬರುವ ಕೂಲಿಯವನಿಗೆ ಎರಡು ಸೇತುವೆಗಳಿದ್ದಾಗ ಸಿಗುತ್ತಿದ್ದ ಅಂಚು ಅದರೊಂದಿಗೆ ಹೋಯಿತು. ಸೇತುವೆಗೆ ಒಳದಾರಿಯೆಂಬುದಿಲ್ಲ, ಬಾರ್ಜೂ ಇಲ್ಲ. ಮತ್ತೆ ಕಟ್ಟುವ ಸೇತುವೆಯಲ್ಲಿ ಕಂಬಿಯಿಂದ ಬೇರ್ಪಡಿಸಿದ ಎರಡು ಮೀಟರ್ ಅಗಲದ ಅಂಚನ್ನು ನಕ್ಷೆಯ ಹಂತದಲ್ಲೇ ಕೇಳಬೇಕು, ಕಾಂಕ್ರೀಟು ಬಿದ್ದ ಮೇಲೆ ಯಾರೂ ಅಗಲ ಮಾಡಿಕೊಡುವುದಿಲ್ಲ. ಸೈಕಲ್ ಪಥಗಳ ವಿನ್ಯಾಸಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಟಿಸಿದ ಮಾರ್ಗಸೂಚಿಯೇ ಇದೆ, ಐಆರ್‌ಸಿ 11 ಎಂಬ ಅದನ್ನು 2015ರಲ್ಲಿ ಪರಿಷ್ಕರಿಸಲಾಗಿದೆ. ಮನವಿಯಲ್ಲಿ ಅದರ ಹೆಸರು ಬರೆದರೆ ಕನಿಷ್ಠ ಪಕ್ಷ ‘ಅಂಥದ್ದು ನಮ್ಮಲ್ಲಿಲ್ಲ’ ಎಂಬ ಉತ್ತರ ಬರುವುದಿಲ್ಲ.

ಹೆದ್ದಾರಿಯ ಅಂಚಿನ ಬಗ್ಗೆ ಹೇಳುವುದಿದ್ದರೆ ಒಂದೇ ಮಾತು. ಬಿಳಿ ಗೆರೆಯ ಹೊರಗೆ ಡಾಂಬರು ಹಾಕಿದ ಅಂಚು ಇದೆ, ಅದೇ ಈಗ ಸೈಕಲ್ಲಿನ ದಾರಿ. ಅದರ ಮೇಲೆ ಲಾರಿಯಿಂದ ಸುರಿದ ಜಲ್ಲಿ, ಒಡೆದ ಗಾಜು, ಮಳೆಗೆ ಹರಿದು ಬಂದ ಕೆಂಪು ಮಣ್ಣು. ಅಂಚು ಹೀಗಿರುವಾಗ ಸವಾರ ಗೆರೆಯ ಒಳಗೆ ಬರದೆ ಇರಲಾರ. ಹೊಸ ಭೂಮಿ ಬೇಡ, ಹೊಸ ಕಾಯ್ದೆ ಬೇಡ, ಒಂದು ಪೊರಕೆ ಸಾಕು. ಗುತ್ತಿಗೆಯಲ್ಲಿ ನಿರ್ವಹಣೆಯೂ ಸೇರಿದೆ, ಟೋಲೂ ವಸೂಲಾಗುತ್ತಿದೆ. 1033 ಎಂಬ ಹೆದ್ದಾರಿ ಸಹಾಯವಾಣಿಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ ದೂರು ಕೊಟ್ಟರೆ ಕೆಲವು ಸಲ ಗುಡಿಸುವವರು ಬಂದದ್ದೂ ಉಂಟು.

ರಾಂಗ್ ಸೈಡಿನ ಸವಾರನನ್ನು ಹಿಡಿದು ದಂಡ ಹಾಕುವುದರಿಂದ ಒಂದು ವಾರ ಆ ಜಾಗ ಖಾಲಿಯಾಗುತ್ತದೆ, ಎಂಟನೆಯ ದಿನ ಅದೇ ಬಡಗಿ ಅದೇ ಗರಗಸದೊಂದಿಗೆ ಬರುತ್ತಾರೆ. ಅವರ ಸೈಕಲ್ ಸಾಗುವ ಆ ಮುನ್ನೂರು ಮೀಟರ್, ಯೋಜನೆ ಮಾಡಿದವರು ನಕ್ಷೆಯಲ್ಲಿ ಬರೆಯಲು ಮರೆತ ರಸ್ತೆ. ಹಾಗಾಗಿ ನಮ್ಮಲ್ಲಿ ಕೆಲವರು ಈಗ ಮಾಡುತ್ತಿರುವ ಕೆಲಸ ಸರಳ. ಎದುರು ದಿಕ್ಕಿನಲ್ಲಿ ಸೈಕಲ್ ಕಂಡಲ್ಲಿ ಕಿಲೋಮೀಟರ್ ಕಲ್ಲು, ಸಮಯ, ಸವಾರ ಎಲ್ಲಿಂದ ಎಲ್ಲಿಗೆ ಹೊರಟಿದ್ದಾನೆ, ತೆರಪು ಎಷ್ಟು ದೂರ, ಹತ್ತಿರದಲ್ಲಿ ಮೋರಿ ಇದೆಯೇ ಎಂಬುದನ್ನು ಬರೆದುಕೊಳ್ಳುವುದು. ಸವಾರನ ಹೆಸರೂ ಬೇಡ, ಫೋಟೋವೂ ಬೇಡ, ಇಲ್ಲದಿದ್ದರೆ ನಾಳೆ ಅದೇ ಅವನ ಮೇಲಿನ ಸಾಕ್ಷಿಯಾಗುತ್ತದೆ. ಒಂದೇ ಜಾಗದ ಟಿಪ್ಪಣಿಗಳು ಸಾಕಷ್ಟು ಸೇರಿದ ಮೇಲೆ ಆ ಊರಿನ ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸಬೇಕು. ವ್ಯಕ್ತಿಯ ಹೆಸರಿನ ಮನವಿಗಿಂತ ಪಂಚಾಯತಿಯ ಠರಾವಿಗೆ ತೂಕ ಹೆಚ್ಚು, ಸ್ವೀಕೃತಿಯ ಸಂಖ್ಯೆಯೂ ಸಿಗುತ್ತದೆ. ಠರಾವಿನಲ್ಲಿ ಒಂದು ಜಾಗಕ್ಕೆ ಒಂದೇ ಬೇಡಿಕೆ ಇರಲಿ, ಅಳತೆ ಸಮೇತ: ಇಲ್ಲಿ ಕೆಳಸೇತುವೆ, ಅಲ್ಲಿ ನಾನೂರು ಮೀಟರ್ ಸಂಪರ್ಕ ರಸ್ತೆ, ಇನ್ನೊಂದೆಡೆ ಹಳ್ಳಕ್ಕೆ ಕಾಲುಸೇತುವೆ. ಮಳೆಗಾಲದ ಟಿಪ್ಪಣಿಗಳನ್ನು ಬೇರೆಯೇ ಇಡಿ, ಏಕೆಂದರೆ ಜೂನಿನಲ್ಲಿ ನೀರು ನಿಲ್ಲುವ ಮೋರಿ ಯಾವುದೆಂಬುದು ಡಿಸೆಂಬರಿನಲ್ಲಿ ಸ್ಥಳ ನೋಡಲು ಬರುವ ಎಂಜಿನಿಯರಿಗೆ ಕಾಣುವುದಿಲ್ಲ.